ಮುಚ್ಚಿಟ್ಟ ಕೆಮ್ಮು

ಭಾನುವಾರ ಬಂತೆಂದರೆ ಥಾಣೆಯ ವರ್ತಕ ನಗರದ ಆ ಮನೆಯಲ್ಲಿ ಅವಸರವೋ ಅವಸರ. ಪಂಕಜಾ ಬೆಳಗ್ಗೆಯೇ ಉಪ್ಪಿಟ್ಟು ಕೆದಕಿಟ್ಟು, ಅತ್ತೆ ರಮಾಮಣಿಯವರ ಪೂಜೆಗೆ ಅಣಿಮಾಡಿ, ಸೆರಗಿಗೆ ಸೇವಾ ಕ್ಲಬ್ಬಿನ ಬಿಲ್ಲೆ ಚುಚ್ಚಿಕೊಂಡು ಹೊರಡುತ್ತಿದ್ದಳು. "ಊರಿಗೆಲ್ಲ ಉಪಕಾರ ಮಾಡಿ ಊಟದ ಹೊತ್ತಿಗಾದ್ರೂ ಬಾ ಮಹರಾಯ್ತಿ" ಎಂದು ಗಂಡ ಕಿಟ್ಟಿ ಪೇಪರಿನಿಂದ ತಲೆಯೆತ್ತದೆ ರೇಗಿಸುತ್ತಿದ್ದ. ಮೈಸೂರಿನಿಂದ ಮದುವೆಯಾಗಿ ಬಂದವಳಿಗೆ ಈ ಊರಿನಲ್ಲಿ ಒಂದು ಹೆಸರು ಅಂತ ಕೊಟ್ಟದ್ದು ಆ ಕ್ಲಬ್ಬೇ. ಮಗಳು ಅಪೇಕ್ಷಾ ಐರೋಲಿಯ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ರಜೆಯ ದಿನ ಅವಳೂ ಅಮ್ಮನ ಜೊತೆಗೇ.

ಜಗತ್ತಿನಿಂದಲೇ ಕ್ಷಯ ತೊಲಗಬೇಕೆಂದು ಹಣ ಕೂಡಿಸುತ್ತಿದ್ದ ವಿದೇಶದ ಸೋದರ ಕ್ಲಬ್ಬೊಂದು 2013ರಲ್ಲಿ ಇವರಿಗೆ ಎದೆಯ ಎಕ್ಸ್‌ರೇ ತೆಗೆಯುವ ವ್ಯಾನು ಕೊಡಿಸಿತು. ಮೊದಲ ಶಿಬಿರ ಹತ್ತಿರದ ದಿವಾದಲ್ಲಿ, ಕೂಲಿ ಜನರ ವಠಾರಗಳಂಥ ಚಾಳುಗಳ ನಡುವೆ. ವ್ಯಾನು ಹತ್ತಲು ಜನ ಹಿಂಜರಿದರು. "ಕಾಯಿಲೆ ಮುಚ್ಚಿಡಬೇಡಿ, ಮಾತ್ರೆ ಅರ್ಧಕ್ಕೆ ಬಿಡಬೇಡಿ" ಎಂದು ಪಂಕಜಾ ಮೈಕು ಹಿಡಿದು ಮರಾಠಿಯಲ್ಲೂ ಕನ್ನಡದಲ್ಲೂ ಗಂಟಲು ಹರಿದುಕೊಂಡಳು. ಕೊನೆಗೆ ಅಪೇಕ್ಷಾ, "ನೋಡಿ, ಏನೂ ಆಗಲ್ಲ" ಎಂದು ನಗುತ್ತ ತಾನೇ ಮೊದಲು ಹತ್ತಿ ಇಳಿದಳು. ಆಮೇಲೆ ಸಾಲು ಬೆಳೆಯಿತು.

ಎರಡು ದಿನ ಕಳೆದು ಕ್ಲಬ್ಬಿನ ಕಾರ್ಯದರ್ಶಿ ನಳಿನಾಕ್ಷಿ ಮನೆಗೆ ಬಂದರು. ಮಂಗಳೂರಿನ ಕಡೆಯವರು, ನಿವೃತ್ತ ನರ್ಸು. ಕೂತವರು ನೀರನ್ನೂ ಕುಡಿಯಲಿಲ್ಲ. ಅಪೇಕ್ಷಾಳ ಶ್ವಾಸಕೋಶದಲ್ಲಿ ಕಲೆಯಿತ್ತು. ಲೋಕಲ್ ಟ್ರೇನಿನ ಧೂಳಿಗೆ ಬಂದ ಕೆಮ್ಮೆಂದು ಇಷ್ಟು ದಿನ ತಳ್ಳಿಹಾಕಿದ್ದರು. ವಾರದೊಳಗೆ ಕಫದ ಪರೀಕ್ಷೆಯೂ ಕ್ಷಯವೆಂದೇ ಹೇಳಿತು; ವರದಿ ಹಿಡಿದು ನಳಿನಾಕ್ಷಿಯೇ ಮತ್ತೆ ಬಂದರು.

"ಹೆದರ್ಲಿಕ್ಕೆ ಎಂತದೂ ಇಲ್ಲ ಪಂಕಜಕ್ಕ. ಆರು ತಿಂಗಳು ಸರಿಯಾಗಿ ಮಾತ್ರೆ ತಗೊಂಡ್ರೆ ಪೂರಾ ಗುಣ ಆಗ್ತದೆ. ಮದುವೆ ಮಾತ್ರ ಸ್ವಲ್ಪ ಮುಂದೆ ಹಾಕಿ. ಹುಡುಗನ ಮನೆಗೆ ಇದ್ದದ್ದು ಇದ್ದ ಹಾಗೆ ಹೇಳಿ."

ಘಣಸೋಲಿಯ ಸೃಜನ್ ಜೊತೆ ಅಪೇಕ್ಷಾಳ ನಿಶ್ಚಿತಾರ್ಥ ಆಗಿಹೋಗಿತ್ತು. ರಮಾಮಣಿ ಜಪಸರ ಕೆಳಗಿಟ್ಟರು.

"ನಮ್ಮ ಹುಡುಗೀಗೆ ಕ್ಷಯ ಅಂತ ನಾವೇ ಹೋಗಿ ಡಂಗುರ ಹೊಡೀಬೇಕೇನಮ್ಮ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ."

"ಸುಳ್ಳು ಹೇಳೋದು ಹಿರಿಯರು ಅಮ್ಮ" ಎಂದರು ನಳಿನಾಕ್ಷಿ. "ಅದ್ರ ಜೊತೆ ಸಂಸಾರ ಮಾಡ್ಬೇಕಾದ್ದು ಹುಡುಗಿ ಅಲ್ವಾ? ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗ್ಲಿಕ್ಕೆ ಆಗ್ತದಾ?"

"ಜಾತಕ ಕೂಡಿದ ಸಂಬಂಧ ಕಣ್ರೀ" ಎಂದ ಕಿಟ್ಟಿ. "ಇದು ಮುರಿದ್ರೆ ಇನ್ನೊಂದು ಸಿಗುತ್ತಾ? ನಾಳೆ ಅಭಿಗೆ ಯಾರು ಹೆಣ್ಣು ಕೊಡ್ತಾರೆ?" ಅಭಿ ಅಪೇಕ್ಷಾಳ ತಮ್ಮ, ಇನ್ನೂ ಕಾಲೇಜು ಮುಗಿಸಿರಲಿಲ್ಲ.

ಪಂಕಜಾ ಎದ್ದು ಒಳಗೆ ಹೋಗಿ ಒಲೆ ಹಚ್ಚಿದಳು. ನಳಿನಾಕ್ಷಿ ಸ್ವಲ್ಪ ಕಾದು ಎದ್ದುಹೋದರು.

"ಸೃಜನ್‌ಗೆ ನಾನೇ ಹೇಳ್ತೀನಮ್ಮ" ಎಂದಳು ಅಪೇಕ್ಷಾ ಅಡುಗೆಮನೆಗೆ ಬಂದು. ಪಂಕಜಾ ಮಗಳ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ಹೇಳಲ್ಲ ಅಂತ ಆಣೆ ಮಾಡು." ಹುಡುಗಿ ಆಣೆ ಮಾಡಿದಳು.

ಗೊತ್ತಾದ ಮುಹೂರ್ತಕ್ಕೇ ಮದುವೆಯಾಯಿತು. ಅಷ್ಟರಲ್ಲಿ ಕೆಮ್ಮು ನಿಂತಿತ್ತು, ಕೆನ್ನೆ ತುಂಬಿಕೊಂಡಿತ್ತು. ಉಳಿದ ಮಾತ್ರೆಗಳನ್ನು ಪಂಕಜಾ ಕ್ಯಾಲ್ಸಿಯಂ ಡಬ್ಬಿಗೆ ತುಂಬಿ ಕೊಟ್ಟಳು. ಆದರೆ ಆ ಮಾತ್ರೆಗೆ ಮೂತ್ರವೆಲ್ಲ ಕೆಂಪಗಾಗುತ್ತದೆ. ಅತ್ತೆಯ ಮನೆಯಲ್ಲಿ ಇದ್ದದ್ದು ಒಂದೇ ಬಚ್ಚಲು. ಪ್ರತಿ ಸಲವೂ ಬಕೆಟ್ಟುಗಟ್ಟಲೆ ನೀರು ಸುರಿದು ಅಪೇಕ್ಷಾ ಬೆದರಿ ಹೊರಬರುತ್ತಿದ್ದಳು.

"ನೀರು ಯಾಕೆ ಇಷ್ಟು ಸುರೀತೀಯ ಅಂತ ಅತ್ತೆ ಕೇಳಿದ್ರಮ್ಮ" ಎಂದಳು ಫೋನಿನಲ್ಲಿ, ಪಿಸುದನಿಯಲ್ಲಿ. "ಏನು ಮಾಡ್ಲಿ?"

ದಿವಾದಲ್ಲಿ ಮೈಕು ಹಿಡಿದ ಬಾಯಿಂದಲೇ ಪಂಕಜಾ ಹೇಳಿದಳು: "ಸ್ವಲ್ಪ ದಿನ ಬಿಡು ಮಗಳೇ. ಈಗ ಚೆನ್ನಾಗಿದ್ದೀಯಲ್ಲ. ಹೊಸತನ ಕಳೀಲಿ, ಆಮೇಲೆ ತಗೊಂಡ್ರಾಯ್ತು."

ಆ 'ಆಮೇಲೆ' ಬರಲೇ ಇಲ್ಲ. ಬಂದದ್ದು ಜ್ವರ. ಸಂಜೆ ಸಂಜೆಗೆ ಏರುತ್ತಿದ್ದ ಜ್ವರವನ್ನು ಟೈಫಾಯ್ಡೆಂದುಕೊಂಡು ದಿನ ತಳ್ಳಿ, ಕರವಸ್ತ್ರದಲ್ಲಿ ರಕ್ತ ಕಂಡ ಮೇಲಷ್ಟೇ ಸೃಜನ್ ಅವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ. ಹಿಂದೆ ಮಾತ್ರೆ ತಿಂದು ಅರ್ಧಕ್ಕೆ ಬಿಟ್ಟದ್ದನ್ನು ಡಾಕ್ಟರು ಅವಳ ಬಾಯಿಂದಲೇ ಹೊರಡಿಸಿದರು. ರೋಗ ಈಗ ಆ ಔಷಧಿಗಳಿಗೆ ಬಗ್ಗದಷ್ಟು ಬಲಿತಿತ್ತು. ಬೇರೆ ಮಾತ್ರೆ, ದಿನಾ ಸೂಜಿ. ಕಿವಿ ಮಂದವಾಯಿತು, ಮೈ ಕಡ್ಡಿಯಾಯಿತು. ಪಂಕಜಾ ತಲೆ ಬಾಚಲು ಹೋದರೆ ಕೂದಲು ಹಿಡಿಹಿಡಿಯಾಗಿ ಕೈಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಅಪೇಕ್ಷಾ, "ಆಣೆ ಮುರಿದೆನಮ್ಮ, ನಿನಗೇನೂ ಆಗಲ್ಲ ಅಲ್ವಾ?" ಎಂದಳು. ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆಯ ದಿನ ಘಣಸೋಲಿಯ ಮನೆ ತುಂಬ ಜನ. ಸೃಜನ್ ಪಂಕಜಾಳನ್ನು ಬಾಲ್ಕನಿಗೆ ಕರೆದ. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಕನ್ನಡ ತಡವರಿಸುತ್ತಿತ್ತು.

"ಅತ್ತೆ, ನಮ್ಮಮ್ಮನಿಗೂ ಟಿಬಿ ಆಗಿತ್ತು. ನಾನು ಸ್ಕೂಲಲ್ಲಿದ್ದಾಗ. ಗೋಲಿ ತಿಂದು ಬಿಲ್ಕುಲ್ ಠೀಕ್ ಆದ್ರು. ನಿಮಗೆ ಹೇಳಿದ್ರೆ ಹುಡುಗಿ ಕೊಡಲ್ಲ ಅಂತ ಪಪ್ಪಾ ಹೇಳೋಕೆ ಬಿಡ್ಲಿಲ್ಲ." ಅವನು ಕಂಬಿ ಹಿಡಿದುಕೊಂಡ. "ಅಪೇಕ್ಷಾ ಒಂದ್ಸಲ ಹೇಳಿದ್ರೆ ಅಮ್ಮನೇ ದಿನಾ ಕೈಯಾರೆ ಕೊಡ್ತಿದ್ರು."

ಪಂಕಜಾ ಒಳಗೆ ಬಂದಳು. ರಮಾಮಣಿ ನೆಂಟರಿಗೆ, "ಹೃದಯದ ತೊಂದರೆ ಇತ್ತು ಪಾಪ, ಯಾರಿಗೂ ತಿಳೀಲೇ ಇಲ್ಲ" ಎನ್ನುತ್ತಿದ್ದರು. ಕಿಟ್ಟಿ ತಲೆಯಾಡಿಸುತ್ತಿದ್ದ.

"ಹೃದಯ ಅಲ್ಲ" ಎಂದಳು ಪಂಕಜಾ. ಎಲ್ಲರೂ ತಿರುಗಿದರು. "ಕ್ಷಯ. ವಾಸಿಯಾಗೋ ಕಾಯಿಲೆ. ಮದುವೆಗೋಸ್ಕರ ಮುಚ್ಚಿಟ್ವಿ. ಮಾತ್ರೆ ಬಿಡಿಸಿದ್ದು ನಾನು."

ಯಾರೂ ಅಳಲಿಲ್ಲ. ಪಕ್ಕದಲ್ಲಿದ್ದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಸರಿದಳು. ಕೆಲವರು ಊಟಕ್ಕೂ ನಿಲ್ಲದೆ ಚಪ್ಪಲಿ ಹುಡುಕಿಕೊಂಡರು. "ಅಭಿ ಬಾಳಿಗೂ ಕಲ್ಲು ಹಾಕಿದೆ" ಎಂದ ಕಿಟ್ಟಿ. ಅವನು ಅವಳ ಜೊತೆ ಆಡಿದ ಮಾತು ಬಹಳ ದಿನದವರೆಗೆ ಅದೊಂದೇ. ಮಕ್ಕಳಿರುವ ಸದಸ್ಯರು ಹೆದರುತ್ತಾರೆ, ಸದ್ಯ ಮೀಟಿಂಗಿಗೆ ಬರಬೇಡಿ ಎಂದು ಕ್ಲಬ್ಬಿನಿಂದಲೂ ಫೋನು ಬಂತು. ಕ್ಷಯದ ಮೇಲೆ ಸಮರ ಸಾರಿದ ಕ್ಲಬ್ಬು! ನಳಿನಾಕ್ಷಿಯೊಬ್ಬರು ಮಾತ್ರ, "ನೀವು ಬನ್ನಿ ಪಂಕಜಕ್ಕ, ಯಾರು ಎಂತ ಹೇಳ್ತಾರೆ ನಾನು ನೋಡ್ತೇನೆ" ಎಂದು ಮುಂದಿನ ಶಿಬಿರಕ್ಕೆ ಕರೆದೊಯ್ದರು.

ದಿವಾದ ಸಾಲಿನಲ್ಲಿ ಪಾರವ್ವನೆಂಬ ವಿಜಾಪುರದ ಕಡೆಯ ಹೆಂಗಸು ಮಗಳು ಶಿವಾನಿಯನ್ನು ಕರೆತಂದಿದ್ದಳು. ಹುಡುಗಿ ದುಪಟ್ಟಾ ಬಾಯಿಗೊತ್ತಿ ಕೆಮ್ಮುತ್ತಿದ್ದಳು. ಪಂಕಜಾ ಈ ಸಲ ಮೈಕು ಹಿಡಿಯಲಿಲ್ಲ. ಹತ್ತಿರ ಕೂತು, ತನ್ನ ಮಗಳಿಗೆ ಆದದ್ದನ್ನೂ, ನಿಜ ಹೇಳಿದ ಮೇಲೆ ಜನ ದೂರ ಸರಿದದ್ದನ್ನೂ ಬಿಡಿಸಿ ಹೇಳಿದಳು. ಪಾರವ್ವನ ಕಣ್ಣು ದೊಡ್ಡವಾದವು.

"ಅಯ್ಯ ಶಿವನ! ಹೆಸರು ಹೊರಗ ಬಿದ್ದರ ಇಷ್ಟೆಲ್ಲಾ ಆಕ್ಕೈತೇನ್ರೀ? ನಡೀ ಶಿವಾನಿ, ಬರೂ ತಿಂಗಳ ಲಗ್ನ ಐತಿ ನಿಂದು."

"ಪಾರವ್ವ, ನಾನು ಹೇಳಿದ್ದು ಅದಲ್ಲ..."

ಅಷ್ಟರಲ್ಲಿ ಅವಳು ಮಗಳ ರಟ್ಟೆ ಹಿಡಿದು ಸಾಲಿನಿಂದ ಎಳೆದಾಗಿತ್ತು. ಪಂಕಜಾ ಗಟಾರ ದಾಟಿ, ಒಣಹಾಕಿದ ಬಟ್ಟೆಗಳ ಕೆಳಗೆ ಬಗ್ಗಿ, ಗಲ್ಲಿಯ ಕೊನೆಯವರೆಗೂ ಬೆನ್ನುಹತ್ತಿದಳು. ಅವಳ ಮುಖದ ಮೇಲೇ ಬಾಗಿಲು ಹಾಕಿಕೊಂಡಿತು. ಬಡಿದಳು. ಮತ್ತೆ ಬಡಿದಳು. ಒಳಗಿನಿಂದ ಹುಡುಗಿಯ ಕೆಮ್ಮು ಕೇಳಿಸಿತು. ಯಾರೋ ಟಿವಿಯ ಸದ್ದು ಜೋರು ಮಾಡಿದರು.