ಅಚ್ಚಿನಲ್ಲಿ ಉಳಿದ ನಗು

ಕೊಯ್ಲು ಮುಗಿದ ಬಯಲಿನ ಹೊಟ್ಟು ಕಿಟಕಿಯ ಬಿಸಿಲಲ್ಲಿ ತೇಲುತ್ತಿದೆ, ಹಸಿ ಬಣ್ಣದ ಮೇಲೆ ಕೂತರೆ ಕೆಲಸ ಕೆಟ್ಟಂತೆಯೇ, ಕಿಟಕಿ ಮುಚ್ಚಬೇಕು, ಮುಚ್ಚಿದರೆ ಅಂಟು ಒಣಗದು — ಮುಖವಾಡ ಮಾಡುವವಳು ಎದ್ದವಳು ಹಾಗೇ ಕೂತಳು, ಹನ್ನೊಂದು ಮುಗಿದಿವೆ, ಇನ್ನೊಂದೇ, ಸಂಜೆಗೆ ನಾಟಕ. ಗ್ರೀಕರ ಬೆಳೆದೇವತೆಯ ಮಗಳದು. ಹೂ ಕೀಳುತ್ತಿದ್ದವಳನ್ನು ಪಾತಾಳದ ದೊರೆ ನೆಲ ಸೀಳಿ ಬಂದು ಹೊತ್ತೊಯ್ದನಂತೆ, ತಾಯಿ ಒಂದು ಕಾಳೂ ಮೊಳೆಯದಂತೆ ಮಾಡಿದಳಂತೆ, ಮಗಳು ಅಲ್ಲಿ ದಾಳಿಂಬೆ ತಿಂದ ತಪ್ಪಿಗೆ ಪೂರ್ತಿ ಬಿಡುಗಡೆಯಿಲ್ಲ, ವರ್ಷದಲ್ಲಿ ಕೆಲವು ತಿಂಗಳು ಮೇಲೆ ಬರಬಹುದು ಎಂದು ರಾಜಿಯಾಯಿತಂತೆ. ಹೇಳಿದವರು ನಾಟಕ ಕಲಿಸುವ ಮೇಷ್ಟ್ರು, ಮಾತಿನ ಬೇರು ಅಗೆಯುವ ಚಟ ಅವರಿಗೆ. ಇಂಗ್ಲಿಷಿನ ಪರ್ಸನ್ ಇದೆಯಲ್ಲ, ಮೊದಲು ಲ್ಯಾಟಿನ್‌ನಲ್ಲಿ ಅದು ಮುಖವಾಡ ಕಣಮ್ಮ, ಆಮೇಲೆ ಮನುಷ್ಯ ಆಯ್ತು. ಹಂಗಾದ್ರೆ ನಾನು ಮನುಷ್ಯರನ್ನೇ ಮಾಡ್ತೀನಿ ಅನ್ನಿ ಮೇಷ್ಟ್ರೇ. ಮಾಡಿ ಮಾಡಿ, ನಾಲಿಗೆ ಮಾತ್ರ ಇಡಬೇಡಿ, ನಿಮ್ಮಷ್ಟೇ ಮಾತಾಡಿಬಿಟ್ಟಾವು. ಅದನ್ನು ನೆನೆದು ನಗುತ್ತಲೇ ಅಚ್ಚಿನ ಅಂಚಿಗೆ ಎರಡು ಪೆಟ್ಟು ಕೊಟ್ಟಳು, ಒಣಗಿದ ಕಾಗದ ಸುಲಿದು ಬಂತು, ತಿರುಗಿಸಿದಳು — ದೇವತೆಯ ಮಗಳ ಪಾತ್ರ ದರ್ಜಿಯ ಮಗಳದು, ಅಚ್ಚೂ ಅವಳ ಮುಖದ್ದೇ ಎಂದುಕೊಂಡು ತೆಗೆದದ್ದು, ಆದರೆ ಇದು ದರ್ಜಿಯ ಮಗಳಲ್ಲ. ಎಡತುಟಿಯ ಕೊನೆ ಮೇಲೆದ್ದಿದೆ. ಅಲ್ಲ. ಅಲ್ಲ ಅಲ್ಲ. ತನ್ನ ಮಗಳು.

ಹೋಗಿ ನಾಲ್ಕು ವರ್ಷ, ಮೂರೇ ದಿನದ ಜ್ವರ, ಅಟ್ಟ ಗುಡಿಸಿದ ಗಂಡ ಎಲ್ಲ ಅಚ್ಚುಗಳನ್ನೂ ಒಂದೇ ಸಾಲಿಗಿಟ್ಟಿದ್ದ, ಯಾವುದು ಯಾರದೆಂದು ಅವುಗಳ ಬೆನ್ನ ಮೇಲೆ ಹಾಕಿದ್ದ ಸೀಮೆಸುಣ್ಣದ ಗುರುತು ಒರೆಸಿದ್ದ, ಪಾಪ, ಧೂಳೆಂದುಕೊಂಡು — ಅಚ್ಚಿನೊಳಗೆ ಎಲ್ಲ ತಿರುಗುಮುರುಗು, ಮೂಗು ಹಳ್ಳ, ಕೆನ್ನೆ ಗುಂಡಿ, ಹೆತ್ತವಳಿಗೂ ಗುರುತು ಹತ್ತದು, ಆದರೆ ಈ ಹೆಬ್ಬೆರಳು, ಕೆನ್ನೆಗೆ, ಹಣೆಗೆ ಪದರದ ಮೇಲೆ ಪದರ ಕಾಗದ ಒತ್ತಿದ ಈ ಹೆಬ್ಬೆರಳಿಗೂ ತಿಳಿಯಲಿಲ್ಲವೇ? ಅಂದು ಮಗಳ ಮುಖಕ್ಕೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆಯುವಾಗ, ನಗಬೇಡ ಕಣೇ, ಗಟ್ಟಿಯಾಗ್ಲಿ. ಉಸಿರಿಗೆಂದು ಮೂಗಿಗಿಟ್ಟ ಕೊಳವೆಯಿಂದ ಪುಸ್ಸೆಂದು ಗಾಳಿ, ತುಟಿ ಎದ್ದೇ ಬಿಟ್ಟಿತು. ಅಮ್ಮಾ, ನನ್ನದೊಂದು ಮುಖವಾಡ ಮಾಡ್ಕೊಡ್ತೀಯಾ, ಆಣೆ? ಆಣೆ, ಕೊಯ್ಲು ಮುಗೀಲಿ. ಕೊಯ್ಲು ಮುಗಿಯಿತು, ಅವಳೂ. ಈಗ ಈ ಕೊಯ್ಲಿಗೆ ಬಂದಿದ್ದಾಳೆ, ಕೆಳಗಿಂದ, ಕರೆಯದೆ, ಇನ್ನೊಂದು ಮಾಡಿದರೆ ಒಣಗಲು ಎರಡು ದಿನ, ಸಂಜೆ ದರ್ಜಿಯ ಮಗಳು ಇದನ್ನೇ ಕಟ್ಟಿಕೊಂಡು ಕುಣಿಯಬೇಕು, ಬೇರೆಯವಳ ಮುಖಕ್ಕೆ ಕಟ್ಟಿದರೆ ಆಣೆ ತೀರಿತೇ? ಬಾಗಿಲಾಚೆ ಮೇಷ್ಟ್ರು, ಕಣ್ಣು ಕೊರೆದ್ರೇನಮ್ಮ, ಹುಡುಗಿ ಕಾಯ್ತಿದಾಳೆ. ಅಚ್ಚಿಗೆ ಎಲ್ಲರೂ ಕಣ್ಣು ಮುಚ್ಚಲೇಬೇಕು, ಕಣ್ಣು ಕೊರೆಯುವುದು ಕಡೆಯ ಕೆಲಸ, ಚಾಕು ಕೈಯಲ್ಲೇ ಇದೆ, ಅಂದು ಪ್ಲಾಸ್ಟರ್ ತೆಗೆದ ಮೇಲೂ ಮಗಳು ಹಾಗೇ ಮಲಗಿದ್ದಳು, ಈಗ ಬಿಡ್ಲಾ ಅಮ್ಮಾ ಕಣ್ಣು, ತಡಿಯೇ, ಪುಡಿ ಬೀಳುತ್ತೆ, ಈಗ, ತಡಿಯೇ — ತುಟಿಯ ಕೊನೆಯಲ್ಲಿ ಆ ನಗು, ಮೇಲೆ ಮುಚ್ಚಿದ ರೆಪ್ಪೆ, ಚಾಕಿನ ಮೊನೆ, ಈಗ ಬಿಡ್ಲಾ, ಮುಚ್ಚಿದ ರೆಪ್ಪೆ, ಮುಚ್ಚಿದ ರೆಪ್ಪೆ