ಖುರ್ದಾ ರೋಡಿನ ನಲ್ಲಿ

ಸಾಸಿವೆ ಎಣ್ಣೆಯ ಘಾಟು, ಬಾಪಾ ಮಂಡಕ್ಕಿ ಕಲೆಸುತ್ತಿದ್ದಾರೆ, ಈ ವಯಸ್ಸಿನಲ್ಲೂ ಅಪ್ಪನಿಗೆ ಹಸಿಮೆಣಸಿನಕಾಯಿ ಬೇಕು, ಪುರಿ ಪ್ಯಾಸೆಂಜರ್ ಬಾರಂಗ ದಾಟಿತು, ಇನ್ನು ಖುರ್ದಾ ರೋಡ್ ಬರುತ್ತದೆ, ಬರದಿದ್ದರೇ ಚೆನ್ನ — ನಮ್ಮ ಸಾಹೇಬ ನನ್ನ ವಿಷಯ ಏನು ಬರ್ದಿದಾನೆ, ಓದಮ್ಮ ಒಂಚೂರು — ನಾಳೆ ಓದ್ತೀನಿ ಬಾಪಾ ಅಂದರೆ ಕೇಳುವ ಜನವೇ ಇವರು. ಬಿಳಿಯನೊಬ್ಬ ರೈಲಿನಲ್ಲಿ ದೇಶ ಸುತ್ತಿ ಬರೆದ ಪುಸ್ತಕ, ಒಡಿಯಾಕ್ಕೆ ತರುತ್ತೇನೆಂದು ಒಪ್ಪಿಕೊಂಡವಳು ನಾನೇ, ಅದರೊಳಗೆ ಹೆತ್ತ ತಂದೆ ಹೆಸರು ಸಮೇತ ಕೂತಿರುತ್ತಾರೆಂದು ಯಾರಿಗೆ ಗೊತ್ತಿತ್ತು, ಬಿಳಿಯ ಬರೆದದ್ದು ಹೀಗೆ, ಕಟಕದ ಮೇಷ್ಟ್ರು ತ್ರಿಲೋಚನ ಷಡಂಗಿ ಜ್ವರದಲ್ಲಿದ್ದ ನನ್ನ ಪಕ್ಕ ರಾತ್ರಿಯೆಲ್ಲ ಕೂತಿದ್ದ, ಬೆಳಕು ಹರಿದದ್ದೇ ತಡ ಖುರ್ದಾ ರೋಡಿನ ನಲ್ಲಿಯ ಕೆಳಗೆ ಚಳಿಯಲ್ಲಿ ನಡುಗುತ್ತ ಸ್ನಾನ ಮಾಡಿದ, ನನ್ನನ್ನು ಮುಟ್ಟಿದ ಮೈಲಿಗೆ ಕಳೆದುಕೊಳ್ಳಲು, ಈ ದೇಶದಲ್ಲಿ ದಯೆಗೂ ಜಾತಿಯಿದೆ. ಸುಳ್ಳು ಎಂದು ಬಿಸಾಕಲಾರೆ, ನನ್ನ ಗೆಳತಿ ರುಕಿಯಾ ಕೂತೆದ್ದ ಜಾಗಕ್ಕೆ ಅಜ್ಜಿ ನೀರು ಚಿಮುಕಿಸುತ್ತಿದ್ದದ್ದನ್ನು ಕಣ್ಣಾರೆ ಕಂಡವಳು, ಆಗ ಬಾಪಾ ತುಟಿಪಿಟಕ್ಕೆನ್ನಲಿಲ್ಲ, ಆ ತಾಯಿಯ ಮಗನೇ ತಾನೆ — ಬಿಳಿಯನ ಮೇಲಿಗಿಂತ ಅವನನ್ನು ನಂಬಿಬಿಟ್ಟ ನನ್ನ ಮೇಲೇ ನನಗೆ ಸಿಟ್ಟು. ಒಡಿಯಾದಲ್ಲಿ ಅಚ್ಚಾದರೆ ಕಟಕಕ್ಕೆ ಕಟಕವೇ ಆಡಿಕೊಳ್ಳುತ್ತದೆ, ಇವರ ಶಿಷ್ಯರೇ ಓದುತ್ತಾರೆ, ನಲ್ಲಿಯ ಕೆಳಗೆ ಆ ನಡುಗುವ ಬೆನ್ನು. ಆಗಲಿ, ಇದ್ದದ್ದನ್ನು ಇದ್ದಂತೆ ಓದಿದೆ, ಮೈಲಿಗೆ ಎಂಬುದನ್ನೂ ಬಿಡದೆ.

ಬಾಪಾ ಅಗಿಯುವುದನ್ನು ನಿಲ್ಲಿಸಿದರು. ಅಷ್ಟೇನಾ, ರಾತ್ರಿ ಬಟ್ಟೇಲೇ ಆಗ್ಹೋಗಿದ್ದು ಬರ್ದಿಲ್ವಾ. ಏನಾಗಿತ್ತು ಬಾಪಾ. ಏನಾಗೋದು, ಭೇದಿ, ಪಾಪ, ಅವನಿಗೆ ಮೈಮೇಲೆ ಜ್ಞಾನ ಇರ್ಲಿಲ್ಲ, ಒರೆಸಿ ನನ್ನ ಧೋತಿ ಸುತ್ತಿದೆ, ನನ್ನ ಮೈಕೈಯೆಲ್ಲ ಅದೇ, ಸ್ನಾನ ಮಾಡ್ದೆ ಇನ್ನೇನ್ ಮಾಡ್ಲಿ. ಇಷ್ಟು ವರ್ಷ ನಮಗೆ ಯಾಕೆ ಹೇಳ್ಲಿಲ್ಲ. ಹೇಳೋದೇನಿದೆ, ಇನ್ನೊಬ್ಬರ ಮಾನದ ವಿಷಯ. ಮೈಲಿಗೆ ಅಂತ ಬರ್ದಿದಾನಲ್ಲ, ಜನ ಏನಂತಾರೆ. ಅನ್ಲಿ ಬಿಡು, ನೀನು ಮಾತ್ರ ಒಂದಕ್ಷರ ಸೇರಿಸ್ಬೇಡ, ಅವನು ಬರ್ದ ಹಾಗೇ ಇರ್ಲಿ, ತಗೋ, ಮಂಡಕ್ಕಿ ಮೆತ್ತಗಾಗುತ್ತೆ — ಹಾಗೇ ಇರಲಿ ಎಂದರೆ ಹೇಗೆ, ನನ್ನ ಕೈಯಿಂದಲೇ ಮೈಲಿಗೆ ಎಂದು ಬರೆಯುವುದು ಹೇಗೆ, ಎಚ್ಚರವಾದಾಗ ಸೊಂಟದಲ್ಲಿದ್ದ ಧೋತಿಯನ್ನು ಅವನು ನೋಡಲಿಲ್ಲವೇ, ನೋಡಿಯೂ ಬರೆದನೇ, ರೈಲು ನಿಧಾನವಾಗುತ್ತಿದೆ, ಪ್ಲಾಟ್‌ಫಾರಂ, ನಲ್ಲಿ, ನಲ್ಲಿಯ ಕೆಳಗೆ ಅಂದಿನ ಬಾಪಾ, ಚಳಿಗೆ ನಡುಗುತ್ತ, ತಲೆಯನ್ನಲ್ಲ, ಮೊದಲು ಬಿಳಿಯನ ಹೊಲಸಾದ ಪೈಜಾಮವನ್ನು ನೀರಿಗೆ ಹಿಡಿದಿದ್ದಾರೆ, ಎರಡೂ ಕೈಯಲ್ಲಿ