ಪೂಜೆಗೆ ಇಟ್ಟ ಪ್ರೋಗ್ರಾಮು

ಸುಂದರ ೧೯೮೭ರಲ್ಲಿ ಪುತ್ತೂರು ಪೇಟೆಯ ಒಂದು ಮಾಳಿಗೆಯಲ್ಲಿ ಕಂಪ್ಯೂಟರ್ ಸಲಹೆಯ ಅಂಗಡಿ ತೆರೆದ. ಟೈಪಿಂಗ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಸೇರಿಸಿಕೊಂಡ. ವ್ಯಾಪಾರಿಗಳಿಗೆ ದಾಸ್ತಾನಿನ ಪ್ರೋಗ್ರಾಮು ಬರೆದುಕೊಡುವುದು, ಕಲಿಸುವುದು, ಕೆಟ್ಟರೆ ಹೋಗಿ ಸರಿಪಡಿಸುವುದು ನಮ್ಮ ಕೆಲಸ. ಸುಳ್ಯದ ಅಕ್ಕಿ ಮಿಲ್ಲಿನವರು "ಅದು ತೂಕ ಮಾಡ್ತದಾ?" ಎಂದು ಕೇಳಿದರು. ಸುಬ್ರಹ್ಮಣ್ಯದ ಲಾಡ್ಜಿನವರು ಕಾಫಿ ಕುಡಿಸಿ ಕಳುಹಿಸಿದರು. ವರ್ಷ ಕಳೆದರೂ ಒಂದು ಪ್ರೋಗ್ರಾಮೂ ಮಾರಾಟವಾಗಲಿಲ್ಲ. ಕೊನೆಗೆ ದಿನಸಿಯ ಸಗಟು ವ್ಯಾಪಾರಿ ಆದಂ ಕುಂಞಿಯವರು ಅರೆಮನಸ್ಸಿನಿಂದ ಹೂಂ ಅಂದರು. ಅದೂ ತಪ್ಪಿದರೆ ಅಂಗಡಿಗೆ ಬೀಗ ಹಾಕುವುದೆಂದು ಬಂಡವಾಳ ಹಾಕಿದ್ದ ಸುಂದರನ ಸೋದರಮಾವ ಪದ್ಮಯ್ಯ ಹೇಳಿಬಿಟ್ಟಿದ್ದರು.

ಪ್ರೋಗ್ರಾಮು ಮುಗಿದದ್ದು ನವರಾತ್ರಿಯಲ್ಲಿ. ಆಯುಧಪೂಜೆಯ ಬೆಳಿಗ್ಗೆ ಪದ್ಮಯ್ಯ ಮಾವನೇ ಬಂದು ಯಂತ್ರಕ್ಕೆ ಗಂಧ, ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿ ಆರತಿ ಎತ್ತಿದರು. ಪ್ರೋಗ್ರಾಮು ತುಂಬಿದ್ದ ಫ್ಲಾಪಿಗಳನ್ನು ಬಾಳೆಲೆಯ ಮೇಲೆ ಇಟ್ಟರು. ಮರುದಿನ ಪೂಜೆ ಎತ್ತುವ ತನಕ ಯಾವುದನ್ನೂ ಮುಟ್ಟುವಂತಿಲ್ಲ.

ಆಗಲೇ ಆದಂ ಕುಂಞಿಯವರು ತಮ್ಮನಾದ ಸಾಹುಲ್ ಹಮೀದನನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದರು. ತಮ್ಮ ದುಬೈಯಲ್ಲಿರುವವ, ಅಂಗಡಿಯ ಪಾಲುದಾರ. ಸಂಜೆಯ ಬಸ್ಸಿಗೆ ಬೊಂಬಾಯಿಗೆ ಹೊರಟಿದ್ದ.

"ಒಮ್ಮೆ ನಡೆಸಿ ತೋರಿಸಿ ಸುಂದರಣ್ಣ. ಇವ ನೋಡದೆ ಒಪ್ಪುದಿಲ್ಲ."

ಸುಂದರ ಮಾವನ ಕಡೆ ತಿರುಗಿದ. "ಮಾವ, ನೀವು ಪೂಜೆ ಮಾಡಿದ್ದು ಯಂತ್ರಕ್ಕೆ. ಪ್ರೋಗ್ರಾಮು ಯಂತ್ರ ಅಲ್ಲವಲ್ಲ?"

"ಮತ್ತೆಂತ ಅದು?"

"ವಿದ್ಯೆ ಅಂತ ಹೇಳಬಹುದು."

"ವಿದ್ಯೆ ಆದ್ರೆ ಪುಸ್ತಕದ ಹಾಗೆ. ಪುಸ್ತಕವನ್ನೂ ಇವತ್ತು ಬಿಡಿಸ್ಲಿಕ್ಕಿಲ್ಲ."

"ಹಾಗಾದ್ರೆ ವಿದ್ಯೆಯೂ ಅಲ್ಲ."

"ಯಂತ್ರವೂ ಅಲ್ಲ, ವಿದ್ಯೆಯೂ ಅಲ್ಲ. ನೀನು ಇವರಿಗೆ ಮಾರುದು ಎಂತದ್ದು ಮಾರಾಯ?"

ಸುಂದರ ಬಾಳೆಲೆಯ ಮೇಲಿನ ಫ್ಲಾಪಿಗಳನ್ನು ನೋಡಿದ. ನಾನೂ ನೋಡಿದೆ. ಇಡೀ ಪ್ರೋಗ್ರಾಮನ್ನು ಟೈಪು ಮಾಡಿದವನು ನಾನೇ.

ಆದಂ ಕುಂಞಿಯವರು ನಕ್ಕರು. "ಮುಟ್ಟುದು ಬೇಡ. ಶುಕ್ರವಾರ ನಮಾಜಿನ ಹೊತ್ತಿಗೆ ನಾನು ಅಂಗಡಿ ತೆರೀತೇನಾ? ಬಾಯಲ್ಲೇ ಹೇಳಿ."

ಸುಂದರ ಯಂತ್ರಕ್ಕೆ ಬೆನ್ನು ಹಾಕಿ ಕೂತು ಮೊದಲಿನಿಂದ ಹೇಳತೊಡಗಿದ. ಯಾವ ಸರಕು, ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದು ಕಡಿಮೆಯಾದರೆ ಎಚ್ಚರಿಸು. ಸಾಲಿನ ಹಿಂದೆ ಸಾಲು ಬರುತ್ತಿತ್ತು. ಕಂಠಪಾಠದ ಪದ್ಯದಂತೆ ಮುಂದಿನ ಸಾಲು ನನ್ನ ತುಟಿಗೂ ಬರುತ್ತಿತ್ತು. ಆದಂ ಕುಂಞಿಯವರ ಅಂಗಡಿಯ ದಾಸ್ತಾನಿನ ಲೆಕ್ಕವನ್ನು ಅದರಲ್ಲಿ ತುಂಬಿಸಿದವನೂ ಸುಂದರನೇ. ಎಲ್ಲವೂ ಅವನ ತಲೆಯಲ್ಲಿತ್ತು.

ಸಾಹುಲ್ ಪರೀಕ್ಷೆ ಮಾಡಿದ. "ಹದಿನಾಲ್ಕು ಮೂಟೆ ಬೆಲ್ಲದಲ್ಲಿ ಆರು ಪೆರಾಬೆಯ ಅಂಗಡಿಗೆ ಹೋಯ್ತು."

"ಉಳಿದದ್ದು ಎಂಟು. ಬೇಗ ತರಿಸಿ ಅಂತ ಹೇಳ್ತದೆ."

"ಯಾರು ಹೇಳುದು?"

"ಪ್ರೋಗ್ರಾಮು."

"ಈಗ ಹೇಳಿದ್ದು ನೀವಲ್ವಾ?"

"ನಾನೇ. ಆದ್ರೆ ಅದು ಹೇಳುವ ಹಾಗೆ ಹೇಳಿದ್ದು."

ಸಾಹುಲ್ ಮೆಣಸು, ಕೊತ್ತಂಬರಿ, ಅವಲಕ್ಕಿ ಎಲ್ಲವನ್ನೂ ಕೇಳಿದ. ಸುಂದರ ಎಲ್ಲಿಯೂ ತಡವರಿಸಲಿಲ್ಲ. ಗೆದ್ದೆವು ಎಂದುಕೊಂಡೆ.

"ಪಾಸು ಕಾಕ," ಎಂದ ಸಾಹುಲ್ ಅಣ್ಣನಿಗೆ. "ಆದ್ರೆ ಈ ಪೆಟ್ಟಿಗೆ ಎಂತಕ್ಕೆ? ಕರೆಂಟು ಹೋದ್ರೂ ಇವರು ನಡೀತಾರೆ. ಇವರನ್ನೇ ಅಂಗಡಿಗೆ ಇಟ್ಟುಕೊಳ್ಳಿ."

"ಅದೂ ಹೌದು," ಎಂದರು ಆದಂ ಕುಂಞಿಯವರು. "ನಾಡಿದ್ದಿನಿಂದ ಬನ್ನಿ ಸುಂದರಣ್ಣ. ಸಂಬಳ ಮಾತಾಡುವ."

"ಸಾಹುಕಾರ್ರೆ, ನಾನು ಮಾರ್ಲಿಕ್ಕೆ ಇಟ್ಟದ್ದು ಪ್ರೋಗ್ರಾಮನ್ನು."

"ಅದನ್ನೇ ಅಲ್ವಾ ನಾವು ತಗೊಂಡದ್ದು?"

ಅಣ್ಣ ತಮ್ಮ ಸಂತೋಷದಿಂದಲೇ ಇಳಿದು ಹೋದರು. ಪದ್ಮಯ್ಯ ಮಾವ ಗಡ್ಡ ಕೆರೆದುಕೊಂಡರು. "ಮಾರಾಟ ಆಯ್ತು ಅಂತ ಕಾಣ್ತದೆ. ಈಗ ಬೀಗ ಹಾಕುದಾ ಬೇಡವಾ, ಅದೊಂದು ಹೇಳು."

ಸುಂದರ ನನ್ನನ್ನು ನೋಡಿದ. "ನಾನು ಅಲ್ಲಿ ಕೂತ್ರೆ ಇಲ್ಲಿ ಯಾರು?"

"ನಾನು ಕೂರ್ತೇನೆ," ಎಂದೆ.

ಕೂತು ಏನು ಮಾಡುವುದೆಂದು ಅವನು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.